ಖರ್ಚಿಲ್ಲದ ಹಂಡೆ

ಬಚ್ಚಲುಮನೆಗೆ ಹೊಸದಾಗಿ ಬಂದ ಗೀಸರನ್ನು ತಾಮ್ರದ ಹಂಡೆ ಕೇಳಿತು, "ತಿಂಗಳಿಗೆ ಎಷ್ಟು ಕರೆಂಟು ತಿನ್ನುತ್ತೀಯ?"

"ಐನೂರು ರೂಪಾಯಿಯಷ್ಟು."

"ನಾನು ಮೂವತ್ತು ವರ್ಷ ತೆಂಗಿನ ಗರಿಯಲ್ಲೇ ನೀರು ಕಾಯಿಸಿದ್ದೇನೆ. ಈ ಮನೆಗೆ ನನ್ನಿಂದ ಒಂದು ಕಾಸೂ ಖರ್ಚಿಲ್ಲ."

ಒಲೆಯ ಪಕ್ಕದಲ್ಲಿದ್ದ ಊದುಗೊಳವೆ ಹೇಳಿತು, "ನಿನ್ನ ಒಲೆಗೆ ಹೋದದ್ದು ಮನೆಯೊಡತಿ ಸಾಕಮ್ಮನ ಉಸಿರು. ಹೊಗೆ ಕುಡಿದೇ ಅವಳ ಎದೆ ಹಾಳಾಯಿತು. ಡಾಕ್ಟರು ಬೈದ ಮೇಲೆ ಗೀಸರ್ ಬಂತು. ಇವತ್ತು ಬೆಳಗ್ಗೆ ಆ ಉಸಿರೇ ಮುಗಿಯಿತು."



ಸಾಕಮ್ಮನ ಗಂಡ ರುದ್ರಪ್ಪ ಒಳಗೆ ಬಂದು ಹಂಡೆಗೆ ನೀರು ತುಂಬಿಸಿದ. "ಕೊನೇ ಸ್ನಾನಕ್ಕೆ ಒಲೆ ನೀರೇ ಆಗಬೇಕಪ್ಪ," ಎಂದು ಅಂಗಳದಲ್ಲಿ ಹಿರಿಯರು ಹೇಳಿದ್ದರು. ಗರಿ ಹೊತ್ತಿಕೊಳ್ಳಲಿಲ್ಲ. ಅವನು ಕೊಳವೆ ಎತ್ತಿ ಊದಿದ, ಹೊಗೆಗೆ ಕೆಮ್ಮಿದ. ಆ ಕೊಳವೆಯನ್ನು ಅವನು ಮುಟ್ಟಿದ್ದು ಅದೇ ಮೊದಲು.