ಒಂದೇ ಸೆಟ್ಟು ಪೈಪು, ಹತ್ತೊಂಬತ್ತು ಫೋಟೊ

ನಗು ಬಂದರೆ ನಗಿ, ಆದರೆ ಯಾರನ್ನು ನೋಡಿ ನಗುತ್ತಿದ್ದೀರಿ ಅನ್ನೋದರ ಮೇಲೆ ಒಂದು ಕಣ್ಣಿರಲಿ. ಒಂದೂರಲ್ಲಿ ಫಕ್ಕೀರವ್ವ ಅಂತ ಒಬ್ಬಾಕೆ, ಅವಳಿಗೆ ದ್ಯಾಮಣ್ಣ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತೆಂಟು, ಬುದ್ಧಿ ಮಾತ್ರ ಹೇಳಿದಷ್ಟೇ. ಹಾಲು ಉಕ್ಕೋದು ನೋಡು ಅಂದರೆ ಉಕ್ಕಿ ಒಲೆ ಆರುವ ತನಕ ನೋಡುವವ. ಇವನನ್ನು ಕಟ್ಟಿಕೊಂಡು ಹೆಂಗಪ್ಪಾ ಬಾಳ್ವೆ ಅಂತ ಅವಳು ಹಣೆ ಹಣೆ ಬಡಿದುಕೊಳ್ಳುವಳು.

ಅವಳಿಗೆ ಎರಡು ಎಕರೆ ಮೆಣಸಿನ ಗಿಡ, ಬೋರಿನಲ್ಲಿ ಚೂರು ನೀರು. ಸಬ್ಸಿಡಿಯ ಸ್ಪ್ರಿಂಕ್ಲರ್ ಪೈಪು ಬಂದರೆ ಅಷ್ಟು ನೀರೇ ಹೊಲಕ್ಕೆಲ್ಲ ಸಾಕು, ಬರದಿದ್ದರೆ ಗಿಡ ಹೋದಂಗೆ. ಮೂರು ವರ್ಷ ಅರ್ಜಿ ಕೊಟ್ಟಳು. ಮಗನನ್ನು ಕಚೇರಿ ಕೆಲಸಕ್ಕೆ ಕಳಿಸು, ಹೇಳಿದಂಗೆ ಕೇಳಿದರೆ ನಿನ್ನ ಹೆಸರು ನೋಡೋಣ ಅಂದ ಪೈಪು ಹಂಚುವ ಕೃಷಿ ಕಚೇರಿಯ ಸಾಹೇಬ. ಪಗಾರದ ಮಾತೇ ಇಲ್ಲ. "ತಮ್ಮಾ, ಸಾಹೇಬ್ರು ಹೇಳಿದಷ್ಟ ಮಾಡು, ನಿನ್ನ ತಲಿ ಓಡಿಸಬ್ಯಾಡ," ಅಂತ ತಾಯಿ ಕಳಿಸಿದಳು. ಓಡಿಸೋಕೆ ತಲೆ ಎಲ್ಲಿತ್ತು?

ಪೈಪು ಪಡೆದವರ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಹಚ್ಚಿ ಊರಿಗೆಲ್ಲ ತಿಳಿಸಬೇಕು ಅಂತ ಸರ್ಕಾರದ ನಿಯಮ. ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರು, ಕಚೇರಿಯಲ್ಲಿ ಒಂದೇ ಸೆಟ್ಟು. ಉಳಿದವು ಎಲ್ಲಿ ಹೋದವು ಅಂತ ನನ್ನ ಕೇಳಬೇಡಿ, ಸಾಹೇಬನ ಹೊಸ ಮನೆ ನೋಡಿ. ಪಟ್ಟಿ ಹಚ್ಚು, ಆದರೆ ಯಾರೂ ಓದದಂಗೆ ಹಚ್ಚು ಅಂತ ಸಾಹೇಬ ಹೇಳಿದ. ದ್ಯಾಮಣ್ಣ ಅಕ್ಷರದ ಮೇಲೇ ಅಂಟು ಬಳಿದು, ಗೋಡೆಗೆ ಮಗುಚಿ ಹಚ್ಚಿ ಬಂದ. ಊರವರು ಬಿಳಿ ಹಾಳೆ ನೋಡಿ ಏನೂ ಕೇಳದೆ ಹೋದರು. ತಾಲ್ಲೂಕಿನಿಂದ ತಪಾಸಣೆಗೆ ಬಂದವರು ಕೇಳಿದರು. ಸಾಹೇಬ ಕೆಂಡವಾದ. ಮಂಗ್ಯಾ, ಏನು ಹಚ್ಚಿದರೂ ಮುಖ ಜನರ ಕಡೆ ಇರಬೇಕು ಅಂತ ಬೈದ.

ಹೂಂ ಅಂದ ದ್ಯಾಮಣ್ಣ.

ಮುಂದೆ ಪೈಪು ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಫೋಟೊ ಬೇಕಾಯಿತು, ಪ್ರತಿ ರೈತ ತನ್ನ ಹೊಲದಲ್ಲಿ ಪೈಪಿನ ಪಕ್ಕ ನಿಂತದ್ದು. ಇದ್ದ ಒಂದೇ ಸೆಟ್ಟನ್ನು ಚಕ್ಕಡಿಗೆ ಹೇರಿ ದ್ಯಾಮಣ್ಣ ಹೊಲ ಹೊಲ ತಿರುಗಿದ. ರೈತರೂ ಕಡಿಮೆಯವರಲ್ಲ. ಒಂದು ಪ್ಲೇಟು ಮಿರ್ಚಿ ಮಂಡಕ್ಕಿ ಕೊಡಿಸಿದರೆ ಸಾಕು, ತಮ್ಮದಲ್ಲದ ಪೈಪಿನ ಪಕ್ಕ ಮದುಮಗನಂಗೆ ನಿಲ್ಲುವರು. ಹತ್ತೊಂಬತ್ತನೆಯವ ಬಾಳಪ್ಪಜ್ಜ ಸತ್ತು ಆರು ವರ್ಷ, ಪಟ್ಟಿಯಲ್ಲಿ ಮಾತ್ರ ಜೀವಂತ. ದ್ಯಾಮಣ್ಣ ಸಮಾಧಿಗೆ ಪೈಪು ಒರಗಿಸಿದ. ಅಜ್ಜನ ಪಟವನ್ನು ಹಾರದ ಸಮೇತ ತಂದು, ಮುಖ ಜನರ ಕಡೆ ಮಾಡಿ ನಿಲ್ಲಿಸಿ ಫೋಟೊ ತೆಗೆದ. ಅಜ್ಜನ ಹೆಸರಿಗೆ ಬಂದ ಪೈಪು ಅಂತ ಅಲ್ಲೇ ಬಿಟ್ಟ. ಫೋಟೊ ಒಯ್ದು ಪಂಚಾಯ್ತಿ ಗೋಡೆಗೆ ಹಚ್ಚಿದ.

ಊರೇ ಬಿದ್ದು ಬಿದ್ದು ನಕ್ಕಿತು. ಸಾಹೇಬ ತಾನೇ ಹೋಗಿ ಸಮಾಧಿಯಿಂದ ಪೈಪು ತರಿಸಿದ. "ಫೋಟೊ ತಗದ ಕೂಡ್ಲೆ ಪೈಪು ಎತ್ತಿಕೊಂಡು ಕಚೇರಿಗೆ ತರಬೇಕಲೇ. ಯಾರು ಅತ್ತರೂ ನಿಲ್ಲಬ್ಯಾಡ."

ಹೂಂ ಅಂದ ದ್ಯಾಮಣ್ಣ.

ಸತ್ತ ಅಜ್ಜನ ಸುದ್ದಿ ಜಿಲ್ಲೆಯ ತನಕ ಹೋಗಿ, ದೊಡ್ಡ ಮೇಡಂ ಒಬ್ಬರು ಜೀಪಿನಲ್ಲಿ ಬಂದರು. ಅರ್ಜಿಗಳನ್ನೆಲ್ಲ ತೆಗೆಸಿ ನೋಡಿದರು. ಎಲ್ಲಕ್ಕಿಂತ ಅಡಿಯಲ್ಲಿದ್ದ ಫಕ್ಕೀರವ್ವನ ಅರ್ಜಿ ಹಿಡಿದು, ಈ ಸೆಟ್ಟು ಈಕೆಗೆ, ಈಗಲೇ, ಊರೆದುರಿಗೇ ಅಂದರು. ಪೈಪು ಹೊಲಕ್ಕೆ ಬಂತು, ಬೋರು ಚಾಲೂ ಆಯಿತು, ಬಾಡಿದ ಗಿಡಗಳ ಮೇಲೆ ನೀರು ಚಿಮ್ಮಿತು. ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ದ್ಯಾಮಣ್ಣ ಫೋಟೊ ತೆಗೆದ. ಮೇಡಂ ಜೀಪು ಹತ್ತಿದರು.

ಜೀಪು ತಿರುವು ದಾಟಿತೋ ಇಲ್ಲವೋ, ದ್ಯಾಮಣ್ಣ ಬೋರು ಬಂದ್ ಮಾಡಿ ಪೈಪು ಕಳಚತೊಡಗಿದ. ತಾಯಿ ಒಂದು ತುದಿ ಹಿಡಿದು ಎಳೆದಳು, ಬೈದಳು, ಗೋಳೋ ಅಂತ ಅತ್ತಳು.

"ಬಿಡ ಯವ್ವಾ, ಫೋಟೊ ಆತು," ಅಂದ ಮಗ.

ಊರವರು ನೋಡುತ್ತ ನಿಂತರು. ಮಿರ್ಚಿ ತಿಂದ ಬಾಯಿ, ಏನಂತ ತೆರೆದಾವು? ಪೈಪು ಚಕ್ಕಡಿ ಏರಿ ಕಚೇರಿಗೆ ಹೋಯಿತು. ಈಗ ಶಾಣ್ಯಾ ಆದಿ ನೋಡಲೇ ಅಂತ ಸಾಹೇಬ ಅವನ ಬೆನ್ನು ತಟ್ಟಿದ.

ದ್ಯಾಮಣ್ಣ ಹಿಗ್ಗಿ ಹೀರೇಕಾಯಿಯಾಗಿ ಹೊಲಕ್ಕೆ ಓಡಿ ಬಂದ. ತಾಯಿ ಅರ್ಧ ನೆನೆದ ಬದುವಿನ ಮೇಲೆ ಕೂತೇ ಇದ್ದಳು.

"ಯವ್ವಾ," ಅಂದ, "ಇವತ್ತ ಸಾಹೇಬ್ರು ನನಗ ಬೈಲಿಲ್ಲ."