ಅಧ್ಯಕ್ಷರ ತೆಳು ಐರನ್

ಅದು ಚಿನ್ನದ ಗಣಿ ಮುಚ್ಚಿಹೋದ ಊರು. ಹಳೇ ಸುರಂಗಗಳ ಮೇಲೇ ಅಲ್ಲಿನ ಗಾಲ್ಫ್ ಮೈದಾನ. ಅವತ್ತು ಬೆಳಿಗ್ಗೆ ದಟ್ಟ ಮಂಜು. ಕ್ಲಬ್ಬಿನ ಹೊಸ ಅಧ್ಯಕ್ಷ ಪಟ್ಟಾಭಿರಾಮಯ್ಯನವರ ಚೆಂಡು ಮಾತ್ರ ಕಾಲಬುಡ ಬಿಟ್ಟು ಕದಲುತ್ತಿರಲಿಲ್ಲ. ಅವರ ಕೈಯಲ್ಲಿದ್ದದ್ದು ಪಳಗಿದ ಆಟಗಾರರ ತೆಳು ಐರನ್, ಕಬ್ಬಿಣದ ತಲೆಯ ಗಾಲ್ಫ್ ಕೋಲು. ಗುರಿ ಕೊಂಚ ತಪ್ಪಿದರೂ ಅದು ನೆಲ ಅಗೆಯುತ್ತದೆ.

"ಈ ಐರನ್ ತಗೊಳ್ಳಿ ಸ್ವಾಮಿ," ಎಂದ ಬ್ಯಾಗು ಹೊರುವ ಚೌಡಪ್ಪ. "ತಳ ಅಗಲ. ಕೈ ತಪ್ಪಿದರೂ ಹುಲ್ಲಿನ ಮೇಲೆ ಜಾರಿ ಚೆಂಡನ್ನ ಎತ್ತುತ್ತೆ."

"ಅದು ಕಲಿಯೋರದ್ದು ಕಣೋ! ನಾನು ಅಧ್ಯಕ್ಷ. ಈ ಸಲ ಚೆಂಡು ಹಾರದಿದ್ದರೆ ನಾಳೆಯಿಂದ ನೀನು ಬರಬೇಡ."

ಬೀಸಿದರು. ಮಣ್ಣು ಹಾರಿತು. ನೆಲದೊಳಗಿಂದ ಠಣ್, ಠಣ್ ಎಂದಿತು.

"ಏನೋ ಅದು?"

ಚೌಡಪ್ಪ ದನಿ ತಗ್ಗಿಸಿದ. "ಕೆಳಗೆ ಸಿಕ್ಕಿಕೊಂಡು ಸತ್ತೋರು ಸ್ವಾಮಿ. ಗಣಿ ಕುಸಿದರೆ ಹಿಂಗೇ ತಟ್ಟಿ ಕರೀತಾರೆ, ಮೇಲಿನೋರೂ ತಟ್ಟಿ ಓಗೊಡ್ತಾರೆ. ನೀವು ಅಗೆದಾಗಲೆಲ್ಲ ಬಿಡಿಸೋಕೆ ಜನ ಬಂದರು ಅಂದ್ಕೋತಾರೆ."

ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. "ಆ ಅಗಲದ್ದು ಕೊಡು."

ಅಗಲದ ಐರನ್ ಹುಲ್ಲು ಸವರಿತು. ಚೆಂಡು ಮಂಜಿನೊಳಕ್ಕೆ ಹಾರಿತು. ನೆಲ ಸುಮ್ಮನಿತ್ತು.

"ನಾಳೆಯೂ ಬಾ," ಎಂದರು ಅಧ್ಯಕ್ಷರು. "ಇದು ಕಲಿಯೋರದ್ದು ಅಂತ ಮಾತ್ರ ಯಾರಿಗೂ ಹೇಳಬೇಡ." ಸರಸರನೆ ಕ್ಲಬ್ಬಿನ ಕಡೆ ನಡೆದರು.

ಹುಲ್ಲಿನಲ್ಲಿ ಹುದುಗಿದ್ದ ಗಣಿಯ ಹಳೇ ಗಾಳಿಕೊಳವೆಯ ಮೇಲಿಂದ ಚೌಡಪ್ಪ ನಗುತ್ತಾ ಹಿಮ್ಮಡಿ ತೆಗೆದ. ಅದನ್ನು ಒದ್ದು ಸದ್ದು ಮಾಡಿದವನು ಅವನೇ. ಬ್ಯಾಗು ಹೆಗಲಿಗೇರಿಸಿ ಹೊರಟ.

ಹಿಂದೆ ಕೊಳವೆ ಠಣ್, ಠಣ್ ಎಂದಿತು.

ಚೌಡಪ್ಪನ ನಗು ನಿಂತಿತು. ಅಗೆದವರೇನೋ ಅಧ್ಯಕ್ಷರು. ಆದರೆ ಕೆಳಗಿನವರಿಗೆ ತಟ್ಟಿ ಓಗೊಟ್ಟವನು ತಾನಲ್ಲವೇ?