ಗುರುಪಾದಜ್ಜನವರು ಬಾವಿಗೆ ಹೋಗುತ್ತಿದ್ದ ಹೊತ್ತು

ಘಟಪ್ರಭೆಯ ದಂಡೆಯ ಕರಿದಿನ್ನಿ ಎಂಬ ಸಣ್ಣ ಊರಿನ ಮಠದಲ್ಲಿ ಪೂಜ್ಯ ಶ್ರೀ ಗುರುಪಾದಜ್ಜನವರು ಮೂವತ್ತೊಂದು ವರ್ಷಗಳಿಂದ ನೆಲೆಸಿದ್ದರು. ಮಠವೆಂದೊಡನೆ ದೊಡ್ಡ ಕಮಾನು, ಹಿತ್ತಾಳೆಯ ಬಾಗಿಲು ಎಂದೆಲ್ಲ ಕಲ್ಪಿಸಿಕೊಳ್ಳುವುದು ಬೇಡ. ಹಿಂದಿನ ಗುರುಗಳ ಸಮಾಧಿಯ ಗದ್ದುಗೆ, ಅದರ ಮೇಲೊಂದು ಮಣ್ಣಿನ ಮಾಳಿಗೆ, ದಾಸೋಹದ ಅಡುಗೆಮನೆ, ಹಿತ್ತಲಲ್ಲಿ ಒಂದು ಬಾವಿ, ಬಾವಿಯ ಪಕ್ಕ ಒಂದು ಬಿಲ್ವಪತ್ರಿ ಗಿಡ. ಅಜ್ಜನವರ ಆಸ್ತಿ ಇಷ್ಟೇ.

ಅಜ್ಜನವರದೊಂದು ಪದ್ಧತಿ ಇತ್ತು. ಮಧ್ಯಾಹ್ನದ ಪ್ರಸಾದವಾಗಿ ಹೊತ್ತು ಸ್ವಲ್ಪ ವಾಲಿತೆಂದರೆ, ಮುಂದೆ ಯಾರೇ ಕುಳಿತಿರಲಿ, ಯಾವ ಮಾತೇ ನಡೆದಿರಲಿ, ಅವರು ಥಟ್ಟನೆ ಎದ್ದು ಬಾವಿಗೆ ನಡೆದುಬಿಡುತ್ತಿದ್ದರು. ಕೊಡಗಟ್ಟಲೆ ನೀರು ಜಗ್ಗಿ ಪತ್ರಿ ಗಿಡಕ್ಕೂ ಊರ ದನ ನೀರು ಕುಡಿಯುವ ಕಲ್ಲುದೋಣಿಗೂ ಹಾಕುತ್ತಿದ್ದರು. ಆಮೇಲೆ ಬಂದು, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಭಕ್ತರು ಇದಕ್ಕೆ ‘ಜಲಸೇವೆ’ ಎಂದು ಹೆಸರಿಟ್ಟರು. ಇಪ್ಪತ್ತೊಂದು ಕೊಡ ಎರೆದರೆ ಮಕ್ಕಳಾಗುತ್ತವೆ ಎಂದು ಯಾರೋ ಹಬ್ಬಿಸಿದರು. ಆ ವರ್ಷ ಭಕ್ತರ ಭಕ್ತಿಯ ಹೊಡೆತಕ್ಕೆ ಪತ್ರಿ ಗಿಡದ ಬೇರು ಕೊಳೆಯುವುದಕ್ಕೆ ಬಂದು, ಅಜ್ಜನವರೇ ಕೈಮುಗಿದು ಬೇಡವೆನ್ನಬೇಕಾಯಿತು.

ಇದೇ ಮಠದಲ್ಲಿ ಮುಂಜಾನೆಯ ಪೂಜೆಗೆ ಶಹನಾಯಿ ಊದುವ ಸೇವೆ ಯಮನಪ್ಪ ಭಜಂತ್ರಿಯದು. ಅವನ ಅಜ್ಜನ ಕಾಲದಿಂದ ಬಂದದ್ದು. ನಲವತ್ತೆಂಟು ವರ್ಷದ ಈ ಯಮನಪ್ಪನಿಗೆ ದಿನಕ್ಕೆ ಎರಡು ಕಟ್ಟು ಬೀಡಿ ಬೇಕು. ಬರಬರುತ್ತ ಅವನ ಉಸಿರು ಸ್ವರದ ಅರ್ಧಕ್ಕೇ ತುಂಡಾಗತೊಡಗಿತು. ಪೂಜೆಯ ನಡುವೆ ಶಹನಾಯಿ ಇಳಿಸಿ ಕೆಮ್ಮುತ್ತ ನಿಲ್ಲುವುದಾಯಿತು. ತಾಲೂಕಿನ ಡಾಕ್ಟರು ಎದೆ ಪರೀಕ್ಷೆ ಮಾಡಿ, ಬೀಡಿ ಬಿಟ್ಟರೆ ಉಸಿರು ಮರಳೀತು, ಇಲ್ಲವಾದರೆ ಶಹನಾಯಿ ಬಿಡಬೇಕಾದೀತು ಎಂದು ಖಡಾಖಂಡಿತವಾಗಿ ಹೇಳಿದರು. ಯಮನಪ್ಪ ಹೆದರಿದ. ಅಮಾವಾಸ್ಯೆಯ ದಿನ ಹತ್ತು ಮಂದಿಯ ಮುಂದೆ ಗದ್ದುಗೆ ಮುಟ್ಟಿ, ಇನ್ನು ಬೀಡಿ ಸೇದುವುದಿಲ್ಲವೆಂದು ಆಣೆ ಮಾಡಿದ.

ಗದ್ದುಗೆ ಮುಟ್ಟಿದೊಡನೆ ಚಟದ ಆಸೆಯೇ ಸತ್ತುಹೋಗುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಯಮನಪ್ಪನ ಆಸೆ ಮಾತ್ರ ಸಾಯಲಿಲ್ಲ. ಚಹಾ ಕುಡಿದರೆ ಬೀಡಿ ನೆನಪು, ಊಟ ಮುಗಿದರೆ ಬೀಡಿ ನೆನಪು. ರಾತ್ರಿ ನಿದ್ದೆ ಹತ್ತಲಿಲ್ಲ. ಚಟ್ನಿಗೆ ಉಪ್ಪು ಕಡಿಮೆಯಾಯಿತೆಂದು ಹೆಂಡತಿ ದ್ಯಾಮವ್ವನ ಮುಂದೆ ಊಟದ ಗಂಗಾಳವನ್ನೇ ಎಸೆದ. ಎಸೆದ ಮೇಲೆ ಅವನಿಗೇ ನಾಚಿಕೆಯಾಗಿ ಅಂಗಳದಲ್ಲಿ ಕುಳಿತು ಅತ್ತ. ಗದ್ದುಗೆ ನನ್ನನ್ನು ಒಪ್ಪಿಲ್ಲ, ನಾನು ಪಾಪಿ ಎಂದು ಅವನ ಮನಸ್ಸಿನಲ್ಲಿ ಗಟ್ಟಿಯಾಯಿತು. ಹನ್ನೆರಡನೆಯ ದಿನ ಒಂದು ತೆಂಗಿನಕಾಯಿ ಕೊಂಡ. ಜೊತೆಗೊಂದು ಕಟ್ಟು ಬೀಡಿಯನ್ನೂ ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಕಾಯಿ ಒಡೆದು ಆಣೆಯನ್ನು ಗುರುವಿಗೆ ಹಿಂದಿರುಗಿಸಿ, ಬರುವ ದಾರಿಯಲ್ಲೇ ಹಚ್ಚುವುದೆಂದು ಲೆಕ್ಕ ಹಾಕಿ ಮಠಕ್ಕೆ ಬಂದ.

ಪ್ರಸಾದ ಮುಗಿದು ಅಜ್ಜನವರೊಬ್ಬರೇ ಕಟ್ಟೆಯ ಮೇಲೆ ಕುಳಿತಿದ್ದರು. ಯಮನಪ್ಪ ಕಾಯಿಯನ್ನು ಪಾದದ ಬಳಿ ಇಟ್ಟ.

“ಯಪ್ಪಾ, ಈ ಆಣಿ ನನ್ನ ಕಡಿಂದ ಹೊರಾಕ ಆಗೂದಿಲ್ರಿ. ತಿರುಗಿ ತಗೋರಿ.”

“ಸೇದೀಯೇನು?” ಎಂದರು ಅಜ್ಜನವರು.

“ಇಲ್ರಿ. ಹನ್ನೊಂದು ದಿನ ಒಂದೂ ಮುಟ್ಟಿಲ್ರಿ.”

“ಮತ್ತ?”

“ಮನಸ್ಸಿನಾಗ ಬರೇ ಅದ ಧ್ಯಾಸ ಐತ್ರಿ. ಖರೇ ಭಕ್ತ ಆಗಿದ್ರ ಬೇಕನಸಬಾರದಿತ್ತಲ್ರಿ.”

ಹೊತ್ತು ವಾಲಿತ್ತು. ಅಜ್ಜನವರು ಎಂದಿನಂತೆ ಥಟ್ಟನೆ ಎದ್ದು, “ಬಾ” ಎಂದಷ್ಟೇ ಹೇಳಿ ಬಾವಿಗೆ ನಡೆದರು.

ಯಮನಪ್ಪನಿಗೆ ಒಳಗೊಳಗೇ ಸಿಟ್ಟು ಬಂತು. ನಾನಿಲ್ಲಿ ಸಾಯುತ್ತಿದ್ದೇನೆ, ಇವರಿಗೆ ಜಲಸೇವೆ ಎಂದುಕೊಂಡ. ಆದರೂ ಹಿಂದೆ ಹೋಗಿ ತಾನೂ ಹಗ್ಗಕ್ಕೆ ಕೈಹಚ್ಚಿದ. ಐದಾರು ಕೊಡ ಇಬ್ಬರೂ ಜಗ್ಗಿದರು. ಆಗ ಅವನ ಕಣ್ಣಿಗೆ ಒಂದು ಸಂಗತಿ ಬಿತ್ತು. ಅಜ್ಜನವರು ಕೊಡ ಕೆಳಗಿಟ್ಟಾಗಲೆಲ್ಲ ಅವರ ಬಲಗೈ ಹೆಬ್ಬೆರಳು ಎಡ ಅಂಗೈಯನ್ನು ತಾನಾಗಿಯೇ ತಿಕ್ಕುತ್ತಿತ್ತು. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವವರ ಕೈ ಹಾಗೆ ಆಡುತ್ತದೆ. ಯಮನಪ್ಪ ನೋಡುತ್ತ ನಿಂತ.

“ಹೌದು ತಮ್ಮಾ,” ಎಂದರು ಅಜ್ಜನವರು. “ಊಟಾ ಆಗಿ ಹೊತ್ತು ವಾಲಿತಂದ್ರ ನನಗ ತಂಬಾಕ ಬೇಕಾಗ್ತಿತ್ತು. ಈ ಮಠಕ್ಕ ಬಂದ ದಿನ ಬಿಟ್ಟೆ. ಮೂವತ್ತೊಂದು ವರ್ಷ ಆತು. ಇನ್ನೂ ಬೇಕನಸ್ತೈತಿ. ಅದಕ್ಕ ಇಲ್ಲಿ ಬರ್ತೇನಿ. ಕೈಯಾಗ ಹಗ್ಗ ಇದ್ರ ತಂಬಾಕ ತಿಕ್ಕಾಕ ಬರೂದಿಲ್ಲ.”

ಯಮನಪ್ಪ ಮತ್ತೆ ಹಗ್ಗ ಹಿಡಿದು, “ಎಷ್ಟು ಕೊಡ ಜಗ್ಗಬೇಕ್ರಿ?” ಎಂದು ಕೇಳಿದ.

“ಆ ಆಶಾ ಹೋಗೂತನಕ. ಒಮ್ಮೆ ಆರು, ಒಮ್ಮೆ ಹತ್ತು. ಅದೇನು ಇಡೀ ದಿನ ಕುಂಡ್ರಾಕ ಬರೂದಿಲ್ಲ.”

“ಮಂದಿ ಇದನ್ನ ಜಲಸೇವಾ ಅಂತಾರಲ್ರಿ. ನೀವು ಖರೇ ಸಂಗ್ತಿ ಹೇಳಬಾರದೇನ್ರಿ?”

“ಹೇಳೀನಿ. ಯಾರೂ ನಂಬವಲ್ರು.”

ಯಮನಪ್ಪನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅಜ್ಜನವರು ಹಗ್ಗ ಸುತ್ತಿಟ್ಟು, ಅವನ ಭುಜದ ಮೇಲೆ ಒದ್ದೆ ಕೈಯಿಟ್ಟು ಹೇಳಿದರು: “ಸೇದೂದಿಲ್ಲಂತ ಆಣಿ ಮಾಡೀದಿ. ಬೇಕನಸೂದಿಲ್ಲಂತ ಮಾಡಿಲ್ಲ. ನಿನ್ನ ಆಣಿ ಹಂಗ ಐತಿ, ಮನಿಗೆ ಹೋಗು.”

ಹನ್ನೊಂದು ದಿನ ಎದೆಯ ಮೇಲೆ ಕುಳಿತಿದ್ದ ಕಲ್ಲು ಇಳಿದಂತಾಯಿತು ಯಮನಪ್ಪನಿಗೆ. ತಾನು ಬಿದ್ದಿರಲಿಲ್ಲ, ಹನ್ನೊಂದು ದಿನ ನಿಂತೇ ಇದ್ದ. ಸೊಂಟದಲ್ಲಿದ್ದ ಬೀಡಿ ಕಟ್ಟನ್ನು ತೆಗೆದು, ತಲೆ ತಗ್ಗಿಸಿ ಅಜ್ಜನವರ ಮುಂದೆ ಹಿಡಿದ. ಅವರು ಬೈಯಲಿಲ್ಲ. ಅಡುಗೆಮನೆಯ ಒಲೆ ತೋರಿಸಿದರು. ಕಾಯಿ ಸಂಜೆಯ ದಾಸೋಹದ ಚಟ್ನಿಗೆ ಆಯಿತು.

ಮನೆಗೆ ಹೋಗಿ ದ್ಯಾಮವ್ವನಿಗೆ ಎಲ್ಲವನ್ನೂ ಹೇಳಿದ. ಗಂಗಾಳ ಎಸೆದದ್ದಕ್ಕೆ ತಪ್ಪಾಯಿತೆಂದ. ಅಂದಿನಿಂದ ಆಸೆ ಎದ್ದಾಗಲೆಲ್ಲ ಅವನು “ಬಂತು ನೋಡ” ಎನ್ನುವುದು, ಆಕೆ ಅವನ ಕೈಗೊಂದು ಕೆಲಸ ಕೊಡುವುದು ನಡೆಯಿತು. ದ್ಯಾಮವ್ವ ಕೊಟ್ಟ ಕೆಲಸಗಳೇನು ಸಣ್ಣವಲ್ಲ. ತಿಂಗಳೊಪ್ಪತ್ತಿನಲ್ಲಿ ಮನೆಯ ಗೋಡೆಗೆಲ್ಲ ಮಣ್ಣು ಮೆತ್ತಿಯಾಯಿತು, ಮಾಳಿಗೆಯ ಸೋರಿಕೆ ನಿಂತಿತು, ನೆರೆಯವರ ಜೋಳವೂ ಹಸನಾಯಿತು. ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದದ್ದು ಹತ್ತಕ್ಕೆ, ಹತ್ತರಿಂದ ಮೂರು ನಾಲ್ಕಕ್ಕೆ ಇಳಿಯಿತು.

ಶ್ರಾವಣದ ಮೊದಲ ಸೋಮವಾರ. ಮಠದ ತುಂಬ ಜನ. ಅಜ್ಜನವರು ಗದ್ದುಗೆಗೆ ಪತ್ರಿ ಏರಿಸುತ್ತಿದ್ದರು, ಯಮನಪ್ಪ ಊದುತ್ತಿದ್ದ. ಮೇಲಿನ ಷಡ್ಜಕ್ಕೆ ಏರಿದ ಗಳಿಗೆಯಲ್ಲೇ ಹೊರಗೆ ಯಾರೋ ಬೀಡಿ ಹಚ್ಚಿದರು. ಹೊಗೆ ಕಿಟಕಿಯಿಂದ ಸೀದಾ ಅವನ ಮೂಗಿಗೆ ಬಂತು. ನಾಲಿಗೆಯಲ್ಲಿ ಆ ಹಳೆಯ ರುಚಿ ಎದ್ದಿತು. ಮೂರು ತಿಂಗಳ ಹಿಂದಾಗಿದ್ದರೆ ಗುರುವಿನ ಸನ್ನಿಧಿಯಲ್ಲೇ ಇಂಥ ಆಸೆಯೇ ಎಂದು ಹೆದರಿ ಶಹನಾಯಿಯನ್ನೇ ಇಳಿಸಿಬಿಡುತ್ತಿದ್ದ. ಇಂದು ಯಮನಪ್ಪ ಹೆದರಲಿಲ್ಲ. ಬಂದಿದೆ, ಹೋಗುತ್ತದೆ ಎಂದುಕೊಂಡು ಸ್ವರ ಹಿಡಿದೇ ನಿಂತ. ಉಸಿರು ತುಂಡಾಗಲಿಲ್ಲ. ಮಂಗಳಾರತಿ ಮುಗಿದು ಗಂಟೆ ನಿಲ್ಲುವವರೆಗೂ ಊದಿ ಶಹನಾಯಿ ಇಳಿಸಿದಾಗ, ಆ ಆಸೆ ಯಾವ ಗಳಿಗೆಯಲ್ಲಿ ಎದ್ದು ಹೋಗಿತ್ತೋ ಅವನಿಗೇ ತಿಳಿದಿರಲಿಲ್ಲ.